ಬಾಗಿಲಿಗೆ ಬಂದ ಭಾಗ್ಯ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಕಾಗದ ಬಂದಾಗ ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಹಳೆಯ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಶಾಲೆಯ ಗಂಟೆಯನ್ನು ಕುರಿತು, ಅಂಗಳದ ಮರಗಳನ್ನು ಕುರಿತು, ಬೈದು ಬುದ್ಧಿ ಹೇಳಿದ ಉಪಾಧ್ಯಾಯಿನಿಯರನ್ನು ಕುರಿತು ಬರೆಯುವರು. ಅವೆಲ್ಲವೂ ನಮ್ಮ ಮನಸ್ಸಿನಲ್ಲಿಯೂ ಹಸುರಾಗಿಯೇ ಇರುವುವು. ಆದರೆ ಈ ಸಂಚಿಕೆಯನ್ನು ಓದತಕ್ಕವರಲ್ಲಿ ಬಹುಮಂದಿ ಈಗ ತಾಯಂದಿರು, ಅಜ್ಜಿಯರು. ಇನ್ನುಳಿದವರು ತಮ್ಮ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸಿರುವ ತಂದೆತಾಯಿಗಳು. ಆದುದರಿಂದ ಅವರೆಲ್ಲರಿಗೂ ಉಪಯೋಗವಾಗುವಂತಹ ಒಂದು ಸಂಗತಿಯನ್ನು, ಅದು ನಮ್ಮ ಮನೆಯ ತಪ್ಪಿನ ಕಥೆಯಾಗಿದ್ದರೂ, ಮರೆಮಾಚದೆ ಹೇಳುವುದೇ ಮೇಲೆಂದು ನಿಶ್ಚಯಿಸಿದೆವು. ಶಿಶುಗಳಿಗೆ ಲಸಿಕೆ ಹಾಕಿಸುವ ವಿಷಯವೇ ಆ ಸಂಗತಿ.

ನಮ್ಮಿಬ್ಬರಲ್ಲಿ ಹಿರಿಯಳು ಹುಟ್ಟಿದ್ದು ೧೯೫೪ರಲ್ಲಿ, ಕಿರಿಯಳು ೧೯೫೭ರಲ್ಲಿ. ನಮ್ಮ ಕಾಲದ ಹೆಂಗಸರ ತೋಳುಗಳನ್ನು ನೋಡಿದರೆ ಕಾಸಿನಗಲದ ಒಂದೆರಡು ಗುರುತುಗಳು ಕಾಣುವುವು. ಅವು ಸಿಡುಬು ಬಾರದಂತೆ ‘ದೇವಿ ಹಾಕಿದ’ ಗುರುತುಗಳು. ಈ ಮಾತನ್ನು ಈಗಿನ ಹುಡುಗಿಯರಿಗೆ ಬಿಡಿಸಿ ಹೇಳಬೇಕಾಗಿರುವುದೇ ಒಂದು ಸಂತೋಷದ ಸಂಗತಿ. ಏಕೆಂದರೆ ಅವರು ಆ ರೋಗವನ್ನು ಕಣ್ಣಾರೆ ಕಂಡವರಲ್ಲ. ನಮ್ಮ ಅಜ್ಜಿಯವರಾದರೋ ಅದರ ಹೆಸರನ್ನು ಸಹ ಬಾಯಲ್ಲಿ ಆಡುತ್ತಿರಲಿಲ್ಲ. ‘ಅಮ್ಮ’ ಎಂದು ಮಾತ್ರ ಹೇಳಿ ಕೈಮುಗಿಯುತ್ತಿದ್ದರು. ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದುವು. ಅವರ ತಮ್ಮಂದಿರಿಬ್ಬರು ಒಂದೇ ವಾರದಲ್ಲಿ ತೀರಿಹೋಗಿದ್ದರಂತೆ.

ಆ ಮಹಾಮಾರಿಯನ್ನು ಗೆದ್ದ ಬಗೆಯನ್ನು ನಾವು ಈ ಶಾಲೆಯಲ್ಲಿಯೇ ಮೊದಲು ಕೇಳಿದೆವು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ೧೭೯೬ರಲ್ಲಿ, ಹಾಲು ಕರೆಯುವ ಹುಡುಗಿಯೊಬ್ಬಳ ಕೈಯ ಮೇಲೆ ಎದ್ದಿದ್ದ ಗೋಸಿಡುಬಿನ ಗುಳ್ಳೆಯಿಂದ ದ್ರವವನ್ನು ತೆಗೆದು, ಎಂಟು ವರ್ಷದ ಬಾಲಕನೊಬ್ಬನ ತೋಳಿಗೆ ಹಾಕಿದರು. ಆ ಬಾಲಕನಿಗೆ ಸಿಡುಬು ತಗುಲಲಿಲ್ಲ. ನಮ್ಮ ದೇಶದಲ್ಲಿ ೧೮೦೨ನೆಯ ಜೂನ್ ೧೪ರಂದು ಮೊಟ್ಟಮೊದಲು ಈ ಲಸಿಕೆಯನ್ನು ಹಾಕಿಸಿಕೊಂಡವಳು ಬೊಂಬಾಯಿಯ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು. ೧೮೦೫ರ ಸುಮಾರಿಗೆ ತಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದುಂಟು. ಅದರಲ್ಲಿ ಒಬ್ಬಾಕೆಯ ಸೆರಗು ಸರಿದು ತೋಳು ಕಾಣುವಂತಿರುವುದು ಪ್ರಜೆಗಳಲ್ಲಿ ಲಸಿಕೆಯ ಮೇಲೆ ನಂಬಿಕೆ ಹುಟ್ಟಲೆಂದೇ ಎಂದು ಇತಿಹಾಸಜ್ಞರೊಬ್ಬರು ಅಭಿಪ್ರಾಯಪಟ್ಟಿರುವರು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಹರಡಿದ ಈ ಕೆಲಸವು ಕಡೆಗೆ ಫಲಿಸಿತು. ೧೯೭೫ರ ಮೇ ತಿಂಗಳ ಅನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಿಸಿಕೊಂಡಿಲ್ಲ. ೧೯೮೦ನೆಯ ಮೇ ತಿಂಗಳಲ್ಲಿ, ಲೋಕದಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿದರು.

ಇಷ್ಟು ದೊಡ್ಡ ಉಪಕಾರವನ್ನು ಪಡೆದ ಕಾಲದಲ್ಲಿಯೇ ನಮ್ಮ ಮನೆಯೊಳಕ್ಕೆ ಸೂಜಿಯ ಭಯವು ಹೇಗೆ ಹೊಕ್ಕಿತೆಂಬುದನ್ನು ಇನ್ನು ಹೇಳಬೇಕು. ೧೯೫೯ನೆಯ ಮಳೆಗಾಲ. ಕಿರಿಯಳಿಗೆ ಆಗ ಎರಡು ವರ್ಷ. ಮೂರು ದಿನ ಬಿಡದೆ ಜ್ವರ ಬಂದಿತು. ವೈದ್ಯಶಾಸ್ತ್ರವನ್ನು ಓದಿರದಿದ್ದರೂ ಔಷಧದ ಅಂಗಡಿಯಲ್ಲಿದ್ದು ಅಷ್ಟಿಷ್ಟು ಕಲಿತಿದ್ದ ಒಬ್ಬರು ಬಂದು, ಜ್ವರ ಇಳಿಯಲೆಂದು ಬಲತೊಡೆಗೆ ಸೂಜಿ ಚುಚ್ಚಿದರು. ಮರುದಿನ ಬೆಳಿಗ್ಗೆ ಮಗುವನ್ನು ನಿಲ್ಲಿಸಹೋದರೆ ಬಲಗಾಲು ಒದ್ದೆಬಟ್ಟೆಯಂತೆ ಮಡಿಸಿಕೊಂಡಿತು. ಅಂದಿನಿಂದ ಇಂದಿನವರೆಗೆ ಆ ಕಾಲಿನಲ್ಲಿ ಶಕ್ತಿ ಬಂದಿಲ್ಲ. ಇದು ಪೋಲಿಯೊ ಎಂದು ಬೆಂಗಳೂರಿನ ವೈದ್ಯರು ಹೇಳಿದರು. ಆದರೆ ಅಜ್ಜಿಯವರು, “ಸೂಜಿಯೇ ಕೂಸಿನ ಕಾಲನ್ನು ತಿಂದಿತು” ಎಂದರು. ವೈದ್ಯರ ಮಾತು ಬೆಂಗಳೂರಿನಲ್ಲಿಯೇ ಉಳಿಯಿತು. ಅಜ್ಜಿಯ ಮಾತು ಮನೆಯಲ್ಲಿ ನಿಂತಿತು. ಪೋಲಿಯೊವನ್ನು ತಡೆಯುವ ಸಾಲ್ಕ್ ಅವರ ಲಸಿಕೆಯು ೧೯೫೫ರಲ್ಲಿಯೇ ಅಮೆರಿಕದಲ್ಲಿ ಬಳಕೆಗೆ ಬಂದಿದ್ದರೂ, ನಮ್ಮಂತಹ ಊರಿಗೆ ಅದು ಬಂದಿರಲಿಲ್ಲ. ಆ ರೋಗದ ಮುಂದೆ ನಮ್ಮ ತಂದೆತಾಯಿಗಳು ಬರಿಗೈಯವರಾಗಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಸೂಜಿಗೆ ಹೆದರಿ ಕಿರಿಯಳಿಗೆ ದೇವಿಯನ್ನೂ ಹಾಕಿಸಿರಲಿಲ್ಲ. ೧೯೬೭ರಲ್ಲಿ ಹಿರಿಯಳು ಈ ಶಾಲೆಯ ಪ್ರೌಢ ತರಗತಿಗೂ, ಕಿರಿಯಳು ಇದೇ ಆವರಣದ ಕೆಳಗಿನ ತರಗತಿಗೂ ಹೋಗುತ್ತಿದ್ದೆವು. ದೇವಿ ಹಾಕುವವರು ಶಾಲೆಗೆ ಬರುವ ದಿನ ನಮ್ಮ ತಾಯಿಯವರು ಹೊಟ್ಟೆನೋವೆಂದು ಹೇಳಿಕಳುಹಿಸಿ ಮಗಳನ್ನು ಮನೆಯಲ್ಲಿಯೇ ಉಳಿಸಿಕೊಂಡರು. ಆ ಸಾಯಂಕಾಲ ನಮ್ಮ ಮಿಸ್ಸಮ್ಮನವರು ಒಬ್ಬರೇ ನಡೆದುಕೊಂಡು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರನ್ನು ಕುಡಿದು, ಹೊಟ್ಟೆನೋವಿನ ವಿಷಯವನ್ನೇ ಎತ್ತದೆ, ಕಾಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಅಜ್ಜಿಯ ಬಾಯಿಂದಲೇ ಕೇಳಿದರು. ಕೇಳಿ ಆದಮೇಲೆ, “ಇದು ನನ್ನ ಮಗುವಾಗಿದ್ದರೆ ನನಗೂ ಹೀಗೆಯೇ ಭಯವಾಗುತ್ತಿತ್ತು. ಆದರೂ ದೇವಿ ಹಾಕಿಸುತ್ತಿದ್ದೆನು. ನಾಳೆ ನಾನೇ ಇವಳ ಕೈ ಹಿಡಿದುಕೊಂಡಿರುತ್ತೇನೆ” ಎಂದರು. ಅಜ್ಜಿಯವರು ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ತಲೆಯಾಡಿಸಿದರು. ಕಿರಿಯಳ ತೋಳಿನ ಮೇಲಿರುವ ಗುರುತು ಆ ಮರುದಿನದ್ದು.

ಈ ಪಾಠವನ್ನು ನಾವು ಮರೆತೆವೆಂಬುದೇ ನಮ್ಮ ದುಃಖ. ಹಿರಿಯಳಿಗೆ ಮದುವೆಯಾಗಿ ಬಹುಕಾಲದ ಮೇಲೆ, ೧೯೯೦ನೆಯ ಜೂನ್ ತಿಂಗಳಲ್ಲಿ ಒಂದು ಗಂಡುಮಗು ಹುಟ್ಟಿತು. ಕಿರಿಯಳು ಉಪಾಧ್ಯಾಯಿನಿಯಾಗಿ ಅಕ್ಕನ ಮನೆಯಲ್ಲಿಯೇ ಇದ್ದಳು. ಮಗುವಿಗೆ ತಾಯಂದಿರಿಬ್ಬರು ಎಂದು ನೆರೆಹೊರೆಯವರು ನಗುತ್ತಿದ್ದರು. ೧೯೭೮ರಲ್ಲಿ ಆರಂಭವಾಗಿ ೧೯೮೫ರಿಂದ ವಿಸ್ತಾರಗೊಂಡ ಸರ್ಕಾರದ ಲಸಿಕಾ ಕಾರ್ಯಕ್ರಮವು ಅಷ್ಟರಲ್ಲಿ ನಮ್ಮ ಊರಿಗೂ ತಲಪಿದ್ದಿತು. ದಡಾರದ ಲಸಿಕೆಯೂ ಅದರಲ್ಲಿ ಸೇರಿದ್ದಿತು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಬಿ.ಸಿ.ಜಿ. ಹಾಕಿದರು. ಪೋಲಿಯೊ ಹನಿಗಳನ್ನು ನಾವೇ ಮುಂದೆ ನಿಂತು ಹಾಕಿಸಿದೆವು. ಆದರೆ ಸೂಜಿಯ ಲಸಿಕೆಗಳ ಸರದಿ ಬಂದಾಗಲೆಲ್ಲ ಒಂದಲ್ಲ ಒಂದು ನೆಪ ಹುಟ್ಟುತ್ತಿದ್ದಿತು.

೧೯೯೧ನೆಯ ಮಾರ್ಚಿಯಲ್ಲಿ, ಯುಗಾದಿಗೆ ನಾಲ್ಕು ದಿನವಿರುವಾಗ, ದಾದಿಯವರು ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿನಲ್ಲಿ ನಮ್ಮ ಬಾಗಿಲಿಗೆ ಬಂದರು. “ಮಗುವಿಗೆ ಒಂಬತ್ತು ತಿಂಗಳು ತುಂಬಿತು. ಈ ಹೊತ್ತು ದಡಾರದ ಲಸಿಕೆ ಹಾಕಿಬಿಡೋಣ” ಎಂದರು. ಮಗುವಿಗೆ ಸ್ವಲ್ಪ ನೆಗಡಿಯಾಗಿದ್ದಿತು. ಕಿರಿಯಳು ಒಳಗಿನಿಂದಲೇ, “ಅಕ್ಕ, ಈ ಹೊತ್ತು ಬೇಡ. ನನ್ನ ಕಾಲು ನಿನಗೆ ಮರೆತುಹೋಯಿತೆ?” ಎಂದಳು. ನೆಗಡಿ ಇದಕ್ಕೆ ಅಡ್ಡಿಯಲ್ಲವೆಂದು ದಾದಿಯವರು ಎರಡು ಸಾರಿ ಹೇಳಿದರು. “ಹಬ್ಬ ಕಳೆಯಲಿ, ನಾವೇ ಕರೆದುಕೊಂಡು ಬರುತ್ತೇವೆ” ಎಂದು ಹಿರಿಯಳು ಹೇಳಿಕಳುಹಿಸಿದಳು. ಹಬ್ಬ ಕಳೆಯಿತು, ಶಾಲೆಯ ಪರೀಕ್ಷೆಗಳು ಬಂದುವು, ಆಮೇಲೆ ಒಂದು ಮದುವೆ. ಯಾರು ಹೇಳಿದರು, ಯಾರು ಒಪ್ಪಿದರು ಎಂದು ನಾವು ಈಗ ವಿಂಗಡಿಸುವುದಿಲ್ಲ. ಅದು ನಮ್ಮಿಬ್ಬರ ಮಾತು.

ಮೇ ತಿಂಗಳಲ್ಲಿ ಆ ಮದುವೆಯ ಮನೆಯಿಂದ ಹಿಂದಿರುಗಿದ ಹತ್ತು ಹನ್ನೆರಡು ದಿನಗಳ ಮೇಲೆ ಮಗುವಿಗೆ ಜ್ವರ, ಕೆಮ್ಮು, ಕಣ್ಣು ಕೆಂಪು. ಆಮೇಲೆ ಕಿವಿಯ ಹಿಂದಿನಿಂದ ಆರಂಭವಾಗಿ ಮುಖ, ಎದೆ, ಕಾಲುಗಳವರೆಗೆ ಕೆಂಪು ದದ್ದುಗಳು ಇಳಿದುವು. ದಡಾರ ಎಲ್ಲ ಮಕ್ಕಳಿಗೂ ಬಂದುಹೋಗತಕ್ಕದ್ದೇ ಎಂದು ಹಿರಿಯರು ಸಮಾಧಾನ ಹೇಳಿದರು. ಬೇವಿನ ಸೊಪ್ಪನ್ನು ಹಾಸಿದೆವು. ಪಥ್ಯವೆಂದು ಆಹಾರವನ್ನು ಕಡಿಮೆಮಾಡಿದೆವು. ನಾಲ್ಕನೆಯ ರಾತ್ರಿ ಮಗುವಿನ ಉಸಿರು ಮೇಲಕ್ಕೂ ಕೆಳಕ್ಕೂ ಎಳೆಯತೊಡಗಿತು. ಪಕ್ಕೆಲುಬುಗಳ ಕೆಳಗೆ ಎದೆ ಒಳಕ್ಕೆ ಸೇದಿಕೊಳ್ಳುತ್ತಿದ್ದಿತು. ಬೆಳಗಾಗಲೆಂದು ನಾವು ಕಾದೆವು. ಕಾಯಬಾರದಿತ್ತು.

ಆಸ್ಪತ್ರೆಯಲ್ಲಿ ಹದಿನೆಂಟು ದಿನಗಳು ಕಳೆದುವು. ದಡಾರದ ಬೆನ್ನಿಗೆ ನ್ಯುಮೋನಿಯ. ಅದು ಇಳಿಯುವಷ್ಟರಲ್ಲಿ ಎರಡು ಕಿವಿಗಳಿಂದಲೂ ಕೀವು. ದೇವರ ದಯದಿಂದಲೂ ವೈದ್ಯರ ಶ್ರಮದಿಂದಲೂ ಮಗು ಉಳಿಯಿತು. ಆದರೆ ಮೂರನೆಯ ವರ್ಷದಲ್ಲಿ ಅವನು ಮಾತು ಕಲಿಯುವುದು ತಡವಾದಾಗ ಪರೀಕ್ಷೆ ಮಾಡಿಸಿದೆವು. ಬಲಗಿವಿ ಕೇಳುವುದೇ ಇಲ್ಲವೆಂದೂ, ಎಡಗಿವಿ ಅರ್ಧ ಮಾತ್ರ ಕೇಳುವುದೆಂದೂ ಅಲ್ಲಿ ತಿಳಿಯಿತು.

ಆ ಹದಿನೆಂಟು ದಿನಗಳಲ್ಲಿ ಒಬ್ಬ ವಯಸ್ಸಾದ ವೈದ್ಯರು ಕಿರಿಯಳ ಕಾಲಿಗೆ ಕಟ್ಟಿದ್ದ ಕಬ್ಬಿಣದ ಪಟ್ಟಿಯನ್ನು ನೋಡಿ ಅದರ ಕಥೆಯನ್ನು ಕೇಳಿದರು. ಕೇಳಿದ ಮೇಲೆ ಅವರು ಹೇಳಿದ ಮಾತುಗಳು ನಮ್ಮ ಮನೆಯ ಮೂವತ್ತು ವರ್ಷಗಳ ಗಂಟನ್ನು ಬಿಡಿಸಿದುವು. “ನಿಮ್ಮ ಅಜ್ಜಿಯವರು ಕಂಡದ್ದು ಪೂರ್ತಿಯಾಗಿ ಸುಳ್ಳಲ್ಲ” ಎಂದರು. ಪೋಲಿಯೊ ರೋಗಾಣುಗಳು ಸೇರಿದ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರಿಗೆ ಅಂಗವು ಸೋತುಹೋಗುವುದು. ಆದರೆ ಆ ರೋಗಾಣುಗಳು ಮೈಯಲ್ಲಿರುವ ಸಮಯದಲ್ಲಿ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ, ಚುಚ್ಚಿದ ಅಂಗವೇ ಸೋಲುವ ಸಂಭವವು ಹೆಚ್ಚುವುದುಂಟು. ಆದುದರಿಂದ ಜ್ವರ ಬಂದೊಡನೆ ಸಿಕ್ಕಿದವರಿಂದ ಸೂಜಿ ಹಾಕಿಸುವುದು ತಪ್ಪು. “ಕಾಲನ್ನು ತಿಂದದ್ದು ಪೋಲಿಯೊ, ಅದಕ್ಕೆ ದಾರಿ ಸುಲಭಮಾಡಿದ್ದು ಬೇಡದ ಸೂಜಿ. ಲಸಿಕೆಯು ಆ ಸೂಜಿಯಲ್ಲ. ಅದು ರೋಗ ಬರುವ ಮೊದಲೇ ಬಾಗಿಲು ಹಾಕತಕ್ಕದ್ದು. ಈ ಮಗುವಿಗೆ ಪೋಲಿಯೊ ಹನಿಗಳನ್ನು ಹಾಕಿಸಿದ ನಿಮಗೆ ಹೆದರಲು ಕಾರಣವೇ ಇರಲಿಲ್ಲ” ಎಂದರು. ಅವರು ಗದರಿಸಿ ಹೇಳಿದವರಲ್ಲ. ಆದರೂ ನಮ್ಮಿಬ್ಬರಿಗೂ ತಲೆಯೆತ್ತಲಾಗಲಿಲ್ಲ. ೧೯೫೯ರಲ್ಲಿ ನಮ್ಮ ಮನೆಯ ಬಾಗಿಲಿಗೆ ಯಾರೂ ಬಂದಿರಲಿಲ್ಲ. ೧೯೯೧ರಲ್ಲಿ ಭಾಗ್ಯವೇ ಬಾಗಿಲಿಗೆ ಬಂದಿದ್ದಿತು. ನಾವು ಅದನ್ನು ಹಬ್ಬ ಕಳೆಯಲೆಂದು ಹಿಂದಕ್ಕೆ ಕಳುಹಿಸಿದೆವು.

ಒಂಬತ್ತನೆಯ ತಿಂಗಳೆಂದು ಏಕೆ ಗೊತ್ತುಮಾಡಿರುವರೆಂಬುದನ್ನೂ ಆ ವೈದ್ಯರಿಂದಲೇ ತಿಳಿದೆವು. ಮಗುವು ಹುಟ್ಟುವಾಗ ತಾಯಿಯ ರಕ್ತದಿಂದ ಸ್ವಲ್ಪ ರಕ್ಷಣೆಯನ್ನು ಪಡೆದುಕೊಂಡೇ ಬರುವುದು. ಆ ರಕ್ಷಣೆ ಬಲವಾಗಿರುವಾಗ ದಡಾರದ ಲಸಿಕೆಯನ್ನು ಹಾಕಿದರೆ ಅದು ಸರಿಯಾಗಿ ಹತ್ತುವುದಿಲ್ಲ. ತಿಂಗಳುಗಳು ಕಳೆದಂತೆ ತಾಯಿ ಕೊಟ್ಟದ್ದು ಕರಗುತ್ತ ಬರುವುದು. ಅದು ಕರಗಿ ಮುಗಿಯುವ ಹೊತ್ತಿಗೆ ಲಸಿಕೆಯು ಆ ಸ್ಥಾನದಲ್ಲಿ ನಿಲ್ಲಬೇಕು. ತಡಮಾಡಿದರೆ ನಡುವೆ ಬಾಗಿಲು ತೆರೆದಂತಾಗುವುದು. ದಡಾರವಾದರೋ ಬಹು ಬೇಗ ಅಂಟತಕ್ಕ ರೋಗ. ಲಸಿಕೆಯಿಲ್ಲದ ಹತ್ತು ಮಕ್ಕಳು ರೋಗಿಯ ಹತ್ತಿರವಿದ್ದರೆ ಒಂಬತ್ತು ಮಕ್ಕಳಿಗೂ ಅಂಟಬಹುದು.

ಈಗಿನ ತಾಯಂದಿರ ತಿಳಿವಳಿಕೆಗಾಗಿ ಸರ್ಕಾರದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಹುಟ್ಟಿದಾಗ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೊ ಹನಿ, ಮತ್ತು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಹೆಪಟೈಟಿಸ್-ಬಿ ಲಸಿಕೆ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ; ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ಕಂಟಕಗಳನ್ನು ಇದೊಂದೇ ತಡೆಯುವುದು. ಅದರೊಡನೆ ಪೋಲಿಯೊ ಹನಿಯೂ, ಭೇದಿಯನ್ನು ತಡೆಯುವ ರೋಟಾವೈರಸ್ ಹನಿಯೂ ಉಂಟು. ಪೋಲಿಯೊ ಸೂಜಿಯನ್ನೂ, ನ್ಯುಮೋನಿಯವನ್ನು ತಡೆಯುವ ಲಸಿಕೆಯನ್ನೂ ಆರನೆಯ ಮತ್ತು ಹದಿನಾಲ್ಕನೆಯ ವಾರಗಳಲ್ಲಿಯೂ ಒಂಬತ್ತನೆಯ ತಿಂಗಳಲ್ಲಿಯೂ ಕೊಡುವರು. ಒಂಬತ್ತು ತಿಂಗಳು ತುಂಬಿದೊಡನೆ ದಡಾರ-ರುಬೆಲ್ಲ ಲಸಿಕೆ, ಅದರೊಡನೆ ‘ಎ’ ಜೀವಸತ್ವ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ದಡಾರ-ರುಬೆಲ್ಲ ಇನ್ನೊಂದು ಸಾರಿ. ಐದು ಆರು ವರ್ಷಕ್ಕೂ, ಹತ್ತಕ್ಕೂ, ಹದಿನಾರಕ್ಕೂ ಮತ್ತೆ ಸೂಜಿಗಳುಂಟು. ಮಗು ಶಾಲೆಗೆ ಸೇರಿತೆಂದು ಇವನ್ನು ಮರೆಯತಕ್ಕದ್ದಲ್ಲ.

ನೆಗಡಿ, ಸಣ್ಣ ಕೆಮ್ಮು, ಸ್ವಲ್ಪ ಮೈಬಿಸಿ, ಇವು ಲಸಿಕೆಯನ್ನು ಮುಂದೂಡುವುದಕ್ಕೆ ಕಾರಣಗಳಲ್ಲ. ಹಿಂದಿನ ಸಾರಿ ಲಸಿಕೆಯಿಂದ ದೊಡ್ಡ ತೊಂದರೆಯಾಗಿದ್ದರೆ, ಅಥವಾ ಮಗು ಆಸ್ಪತ್ರೆಗೆ ಸೇರುವಷ್ಟು ಅಸ್ವಸ್ಥವಾಗಿದ್ದರೆ, ವೈದ್ಯರು ನಿರ್ಣಯಿಸುವರು, ನಾವಲ್ಲ. ಒಂದು ಸರದಿ ತಪ್ಪಿಹೋದರೆ ಎಲ್ಲವೂ ಕೆಟ್ಟಿತೆಂದು ಕೈಬಿಡಬೇಕಾಗಿಲ್ಲ, ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಬಹುದು. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಒಂದೆರಡು ದಿನ ಜ್ವರ ಬಂದರೆ ಹೆದರಬೇಕಾಗಿಲ್ಲ. ಬಿ.ಸಿ.ಜಿ. ಹಾಕಿದ ಕಡೆ ಕೆಲವು ವಾರಗಳ ಮೇಲೆ ಸಣ್ಣ ಹುಣ್ಣಾಗಿ ಒಣಗುವುದು ಸಹಜ. ಅದಕ್ಕೆ ಯಾವ ಎಣ್ಣೆಯನ್ನೂ ಸೊಪ್ಪನ್ನೂ ಹಚ್ಚಬಾರದು. ಎಲ್ಲಕ್ಕಿಂತ ಮುಖ್ಯವಾಗಿ ತಾಯಿ ಕಾರ್ಡನ್ನು ಒಡವೆಯ ಜೊತೆಗಿಟ್ಟು ಕಾಪಾಡಬೇಕು.

ಲಸಿಕೆಯೊಂದೇ ಸಾಲದು. ಹುಟ್ಟಿದ ಒಂದು ಗಂಟೆಯೊಳಗಾಗಿ ಎದೆಹಾಲು ಕೊಡಬೇಕು. ಆರು ತಿಂಗಳವರೆಗೆ ಅದರ ಹೊರತು ಜೇನುತುಪ್ಪವಾಗಲಿ, ಸಕ್ಕರೆ ನೀರಾಗಲಿ, ಹರಳೆಣ್ಣೆಯಾಗಲಿ ಬೇಡ. ಆಮೇಲೆ ಎದೆಹಾಲಿನೊಡನೆ ನಮ್ಮ ರಾಗಿ ಸರಿ, ಮೆದುಮಾಡಿದ ಬೇಳೆ ಅನ್ನ, ಬಾಳೆಹಣ್ಣು ಇವನ್ನು ಅಭ್ಯಾಸಮಾಡಿಸಬೇಕು. ಭೇದಿಯಾದರೆ ನೀರನ್ನು ನಿಲ್ಲಿಸುವುದು ದೊಡ್ಡ ತಪ್ಪು. ಓ.ಆರ್.ಎಸ್. ಪೊಟ್ಟಣ ಸಿಕ್ಕದಿದ್ದಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟಸವಾದ ಅಳತೆಯಲ್ಲಿ ಬೆರಸಿ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಇನ್ನು ಉಸಿರಿನ ವಿಷಯ. ಇದನ್ನು ಆ ರಾತ್ರಿ ನಾವು ತಿಳಿದಿದ್ದರೆ ಬೆಳಗಿನವರೆಗೆ ಕಾಯುತ್ತಿರಲಿಲ್ಲ. ಕೆಮ್ಮಿರುವ ಮಗು ಅಳದೆ ಸುಮ್ಮನಿರುವಾಗ ಅಂಗಿಯನ್ನೆತ್ತಿ ಎದೆಯನ್ನು ನೋಡಿ, ಗಡಿಯಾರವಿಟ್ಟುಕೊಂಡು ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳಿಗಿಂತ ಚಿಕ್ಕ ಶಿಶುವಿಗೆ ಅರುವತ್ತು, ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ ಐವತ್ತು, ಅಲ್ಲಿಂದ ಐದು ವರ್ಷದವರೆಗೆ ನಲವತ್ತು, ಇಷ್ಟು ಅಥವಾ ಇದಕ್ಕೆ ಹೆಚ್ಚು ಉಸಿರುಗಳಿದ್ದರೆ, ಅಥವಾ ಎದೆ ಒಳಕ್ಕೆ ಸೇದಿಕೊಳ್ಳುತ್ತಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಮಗುವಿನ ಕಿವಿಯ ವಿಷಯ ತಿಳಿದ ಮೇಲೆ ನಾವು ಸುಮ್ಮನೆ ಕುಳಿತಿರಲಾಗಲಿಲ್ಲ. ೧೯೯೫ರ ಡಿಸೆಂಬರಿನಲ್ಲಿ ದೇಶದಲ್ಲೆಲ್ಲ ಪಲ್ಸ್ ಪೋಲಿಯೊ ಆರಂಭವಾದಾಗ ಕಿರಿಯಳು ತನ್ನ ಊರುಗೋಲನ್ನು ಗೋಡೆಗೆ ಒರಗಿಸಿ ಮೇಜಿನ ಹಿಂದೆ ಕುಳಿತು ಹನಿ ಹಾಕಿದಳು. ಕೆಲಸದಲ್ಲಿರುವವರೆಗೂ ಆ ಸೇವೆಯನ್ನು ತಪ್ಪಿಸಲಿಲ್ಲ. ೨೦೧೧ನೆಯ ಜನವರಿಯ ಅನಂತರ ನಮ್ಮ ದೇಶದಲ್ಲಿ ಆ ಕಾಡು ಪೋಲಿಯೊ ಯಾವ ಮಗುವಿನ ಕಾಲನ್ನೂ ಕಸಿದಿಲ್ಲ. ೨೦೧೪ನೆಯ ಮಾರ್ಚ್ ೨೭ರಂದು ನಮ್ಮ ದೇಶವು ಪೋಲಿಯೊದಿಂದ ಮುಕ್ತವೆಂಬ ಪ್ರಮಾಣವನ್ನು ಪಡೆಯಿತು. ಆ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ದಿನ ಕಿರಿಯಳು ಏನೂ ಮಾತನಾಡದೆ ಕಾಲಿನ ಪಟ್ಟಿಯನ್ನು ಬಿಚ್ಚಿ ಒರಸಿ ಮತ್ತೆ ಕಟ್ಟಿಕೊಂಡಳು.

೨೦೧೭ನೆಯ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲ ಲಸಿಕೆಯನ್ನು ಹಾಕಲು ಆರಂಭಿಸಿದಾಗ ನಮ್ಮ ಶಾಲೆಯಲ್ಲಿಯೂ ಕೆಲವು ತಾಯಂದಿರು ಅಂಜಿದರು. ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಸುಳ್ಳು ಸುದ್ದಿಗಳು ಅವರನ್ನು ಕಂಗೆಡಿಸಿದ್ದುವು. ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕರೆಸಿದರು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲ ತಗುಲಿದರೆ ಹುಟ್ಟುವ ಮಗುವು ಕುರುಡಾಗಿಯೋ, ಕಿವುಡಾಗಿಯೋ, ಹೃದಯದ ದೋಷದೊಡನೆಯೋ ಹುಟ್ಟಬಹುದೆಂದೂ, ಆದುದರಿಂದ ಇಂದು ಈ ಹುಡುಗಿಯರಿಗೆ ಹಾಕುವ ಸೂಜಿಯು ಅವರ ಮುಂದಿನ ಮಕ್ಕಳನ್ನೂ ಕಾಯುವುದೆಂದೂ ಹೇಳಿದೆವು. ಆಮೇಲೆ ಮಿಸ್ಸಮ್ಮನವರ ನೆನಪಾಗಿ, ಹೇಳುವುದನ್ನು ನಿಲ್ಲಿಸಿ ಕೇಳುವುದಕ್ಕೆ ಕುಳಿತೆವು. ಒಬ್ಬೊಬ್ಬ ತಾಯಿಯ ಭಯದ ಹಿಂದೆಯೂ ಒಂದೊಂದು ಮನೆಯ ಕಥೆಯಿದ್ದಿತು. ಅದನ್ನು ಪೂರ್ತಿ ಕೇಳಿದ ಮೇಲೆ ನಮ್ಮ ಕಥೆಯನ್ನು ಹೇಳಿದೆವು. ಬಹುಮಂದಿ ಒಪ್ಪಿದರು. ಒಪ್ಪದವರ ಮನೆಗೆ ಸಾಯಂಕಾಲ ನಾವೇ ಹೋದೆವು.

ನಮ್ಮ ಮಗನಿಗೆ ಈಗ ಮೂವತ್ತು ದಾಟಿದೆ. ಎಡಗಿವಿಯಲ್ಲಿ ಯಂತ್ರವನ್ನಿಟ್ಟುಕೊಂಡು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವನು. ಅವನಿಗೆ ಒಬ್ಬ ಹೆಣ್ಣುಮಗಳು. ಅವಳಿಗೆ ಒಂಬತ್ತು ತಿಂಗಳು ತುಂಬಿದ ವಾರವೇ ಅವನು ಕಛೇರಿಗೆ ರಜಾ ಹಾಕಿ, ಮಗುವನ್ನು ತಾನ

ೇ ಎತ್ತಿಕೊಂಡು ಲಸಿಕೆಗೆ ಹೋದನು. ನಾವಿಬ್ಬರೂ ಜೊತೆಗಿದ್ದೆವು. ಮಗುವಿಗೆ ಆ ದಿನವೂ ಸ್ವಲ್ಪ ನೆಗಡಿಯಾಗಿದ್ದಿತು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು, ಏನೂ ಹೇಳಲಿಲ್ಲ. ಸೂಜಿ ಚುಚ್ಚಿದಾಗ ಮಗು ಕಿರಿಚಿಕೊಂಡಿತು. ಅವನು ಅದನ್ನು ಬಲಹೆಗಲಿನಿಂದ ಎಡಹೆಗಲಿಗೆ ಬದಲಾಯಿಸಿಕೊಂಡು, ಅದರ ಅಳು ನಿಲ್ಲುವವರೆಗೂ ಕೇಳುತ್ತ ನಿಂತಿದ್ದನು.

ಸೋದರಿಯರೇ, ನಿಮ್ಮ ಮನೆಯಲ್ಲಿಯೋ, ನೆರೆಮನೆಯಲ್ಲಿಯೋ, ನಿಮ್ಮ ಮನೆಯ ಕೆಲಸಕ್ಕೆ ಬರುವವರ ಗುಡಿಸಿಲಿನಲ್ಲಿಯೋ ಚಿಕ್ಕ ಮಗುವಿದ್ದರೆ, ಇಂದೇ ಅದರ ತಾಯಿ ಕಾರ್ಡನ್ನು ಕೇಳಿ ತೆಗೆಸಿ ನೋಡಿರಿ. ಅದರಲ್ಲಿ ಬರಿದಾದ ಒಂದು ಮನೆ ಕಂಡರೆ, ಹಬ್ಬ ಕಳೆಯಲೆಂದು ಕಾಯಬೇಡಿರಿ. ನಮ್ಮ ಶಾಲೆಯಲ್ಲಿ ನಾವು ಕಲಿತ ವಿದ್ಯೆಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಡವೆಂದು ನಾವಿಬ್ಬರೂ ನಂಬಿರುವೆವು.